ಅರಿಜೋನಾದ ಮರುಭೂಮಿ ರೆಸಾರ್ಟ್ ಕೋರ್ಸಲ್ಲಿ ಗಾಲ್ಫ್: ಬುಕಿಂಗಿಂದ ಹದಿನೆಂಟನೇ ಹೋಲ್‌ವರೆಗೆ

ಆಫೀಸ್ ಕೆಲಸದ ಮೇಲೆ ಫೀನಿಕ್ಸಿಗೆ ಬರೋರು, ಮಗಳ ಮನೆಗೆ ಅಂತ ಚಾಂಡ್ಲರಿಗೆ ಬಂದು ಮೂರು ತಿಂಗಳು ಇರೋ ಅಪ್ಪಂದಿರು, ಬೇ ಏರಿಯಾದಿಂದ ಲಾಂಗ್ ವೀಕೆಂಡಿಗೆ ಬರೋ ಗೆಳೆಯರ ಗುಂಪು, ಎಲ್ಲರೂ ಕೇಳೋದು ಹೆಚ್ಚುಕಮ್ಮಿ ಒಂದೇ. ಫೀನಿಕ್ಸ್ ಪಕ್ಕದ ಸ್ಕಾಟ್ಸ್‌ಡೇಲಲ್ಲಿ ಒಂದು ರೌಂಡ್ ಆಡ್ಬೇಕು, ಯಾವಾಗ ಬಂದ್ರೆ ಒಳ್ಳೇದು, ಎಲ್ಲಿ ಬುಕ್ ಮಾಡೋದು, ಏನು ತರೋದು, ಹಾವುಗೀವು ಇರತ್ತಾ. ಒಬ್ಬೊಬ್ಬರಿಗೂ ವಾಟ್ಸಾಪಲ್ಲಿ ಉದ್ದುದ್ದ ಟೈಪ್ ಮಾಡೋ ಬದಲು ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ. ಬೆಂಗಳೂರಲ್ಲೋ ಮೈಸೂರಲ್ಲೋ ಆಡಿ ಅಭ್ಯಾಸ ಇರೋ, ಹ್ಯಾಂಡಿಕ್ಯಾಪ್ (ನಿಗದಿತ ಹೊಡೆತಗಳಿಗಿಂತ ಸುಮಾರು ಎಷ್ಟು ಜಾಸ್ತಿ ಬೇಕಾಗತ್ತೆ ಅನ್ನೋ ಅಂಕಿ) 15ರಿಂದ 28ರ ಒಳಗಿರೋ ಸಾಮಾನ್ಯ ಆಟಗಾರರನ್ನ ಮನಸ್ಸಲ್ಲಿಟ್ಕೊಂಡು ಬರೆದಿದ್ದು. ಗಾಲ್ಫ್ ಈಗಷ್ಟೇ ಶುರು ಮಾಡಿರೋರಿಗೆ ಒಂದು ಮಾತು, ಮೊದಲ ರೌಂಡ್ ಮರುಭೂಮಿ ಕೋರ್ಸಲ್ಲಿ ದಯವಿಟ್ಟು ಬೇಡ, ಸಿಟಿಯೊಳಗಿರೋ ಮುನಿಸಿಪಲ್ ಕೋರ್ಸಲ್ಲಿ ಆಡಿ.

ಶುರುವಿಗೇ ತಲೇಲಿ ಕೂರಿಸ್ಕೋಬೇಕಾದ ವಿಷಯ ಒಂದಿದೆ. ಇಲ್ಲಿ ದೂರ ಹೊಡೆಯೋನಿಗಿಂತ ಹುಲ್ಲಿನ ಮೇಲೆ ಉಳಿಯೋನ ಸ್ಕೋರೇ ಚೆನ್ನಾಗಿ ಬರೋದು. ನಮ್ಮ ಕಡೆ ಫೇರ್‌ವೇ, ಅಂದ್ರೆ ಮಧ್ಯದ ಕತ್ತರಿಸಿದ ಹುಲ್ಲುಹಾದಿ, ತಪ್ಪಿದ್ರೆ ಬಾಲ್ ಮರದ ಕೆಳಗೆ ಸಿಗತ್ತೆ, ಬ್ಯಾಗ್ ಹೊರೋ ಕ್ಯಾಡಿ ಹೋಗಿ ಹುಡುಕಿ ನಿಂತಿರ್ತಾನೆ, ಪಕ್ಕಕ್ಕೆ ತೆಗೆದು ಮುಂದುವರೀಬಹುದು. ಇಲ್ಲಿ ಹುಲ್ಲು ಮುಗಿದ ಹತ್ತು ಹೆಜ್ಜೆಗೆ ಕಲ್ಲು, ಮುಳ್ಳು, ಒಣಹಳ್ಳ. ಇದು ಬರೀ ಡಿಸೈನರ್‌ಗಳ ಶೋಕಿ ಅಲ್ಲ, ನೀರಿನ ಲೆಕ್ಕ. ಅರಿಜೋನಾದಲ್ಲಿ 1980ರಲ್ಲಿ ಅಂತರ್ಜಲ ಕಾನೂನು ಬಂತು, ಅದರ ಹಿಂದೆಯೇ ಬಂದ ನಿಯಮಗಳ ಪ್ರಕಾರ ಫೀನಿಕ್ಸ್ ಸುತ್ತಮುತ್ತ ಹೊಸದಾಗಿ ಕಟ್ಟೋ 18 ಹೋಲಿನ ಕೋರ್ಸಿಗೆ ಸುಮಾರು 90 ಎಕರೆ ಹುಲ್ಲಿಗಷ್ಟೇ ನೀರು. ಹಾಗಾಗಿ ಮೊದಲ ಹೊಡೆತದ ಜಾಗ, ಅಂದ್ರೆ ಟೀ ಹತ್ರ ಒಂದಿಷ್ಟು ಹುಲ್ಲು, ಮಧ್ಯ ಮರುಭೂಮಿ, ಆಮೇಲೆ ಫೇರ್‌ವೇ ಅಂತ ಒಂದು ಪಟ್ಟಿ, ಮತ್ತೆ ಮರುಭೂಮಿ, ಆಮೇಲೆ ಹೋಲ್ ಇರೋ ನುಣುಪು ಹುಲ್ಲಿನ ಗ್ರೀನ್. ಇದಕ್ಕೇ ಟಾರ್ಗೆಟ್ ಗಾಲ್ಫ್ ಅನ್ನೋದು, ಅಂದ್ರೆ ಒಂದು ಹಸಿರು ತುಂಡಿಂದ ಇನ್ನೊಂದಕ್ಕೆ ಗುರಿ ಇಟ್ಟು ಹೊಡೆಯೋ ಆಟ. 1983ರಲ್ಲಿ ನಿಕ್ಲಾಸ್, ಪಾಮರ್, ಪ್ಲೇಯರ್, ವಾಟ್ಸನ್ ನಾಲ್ಕು ಜನ ದಿಗ್ಗಜರು ಆಡಿದ ಮೊದಲ ಸ್ಕಿನ್ಸ್ ಗೇಮ್ (ಒಂದೊಂದು ಹೋಲಿಗೂ ದುಡ್ಡಿಟ್ಟು ಆಡೋ ಪಂದ್ಯ) ಸ್ಕಾಟ್ಸ್‌ಡೇಲಿನ ಡೆಸರ್ಟ್ ಹೈಲ್ಯಾಂಡ್ಸಲ್ಲಿ ನಡೆದು ಟಿವಿಲಿ ಬಂತಲ್ಲ, ಆಗ ಈ ಥರದ ಕೋರ್ಸನ್ನ ತುಂಬಾ ಜನ ಮೊದಲ ಸಲ ನೋಡಿದ್ರು.

ಹಂತ 1: ತಿಂಗಳು ಆರಿಸಿ

ಮಿಕ್ಕ ಎಲ್ಲಾ ಇದರ ಮೇಲೇ ನಿಂತಿದೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಹವೆ ಅಂದ್ರೆ ಹವೆ, ಮಧ್ಯಾಹ್ನ ಇಪ್ಪತ್ತು ಇಪ್ಪತ್ತೈದು ಡಿಗ್ರಿ, ಬೆಂಗಳೂರಿನ ಡಿಸೆಂಬರ್ ಥರ. ಆದ್ರೆ ಮಂಜು ಬೀಳೋ ರಾಜ್ಯಗಳ ಅರ್ಧ ಜನ ಇಲ್ಲೇ ಇರ್ತಾರೆ. ಹೆಸರಿರೋ ಕೋರ್ಸುಗಳಲ್ಲಿ ಒಬ್ಬರಿಗೆ 300 ಡಾಲರ್ ದಾಟೋದು ಸಾಮಾನ್ಯ, ಕೆಲವು ಕಡೆ ಅದಕ್ಕೂ ಮೇಲೆ. ಫೆಬ್ರವರಿ ಶುರುವಿನ ಫೀನಿಕ್ಸ್ ಓಪನ್ ಅನ್ನೋ ದೊಡ್ಡ ಗಾಲ್ಫ್ ಟೂರ್ನಮೆಂಟಿನ ವಾರ, ಆಮೇಲೆ ಮಾರ್ಚಲ್ಲಿ ಬೇಸ್‌ಬಾಲ್ ತಂಡಗಳ ಸ್ಪ್ರಿಂಗ್ ಟ್ರೈನಿಂಗ್, ಈ ಹೊತ್ತಲ್ಲಿ ಹೋಟೆಲ್ ರೇಟೂ ಗಗನಕ್ಕೆ. ನಿಮ್ಮ ಡೇಟ್ ನೀವೇ ಆರಿಸ್ಕೋಬಹುದು ಅಂದ್ರೆ ಈ ಎರಡನ್ನೂ ತಪ್ಪಿಸಿ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಶುರುವರೆಗೆ ಒಂದು ದೊಡ್ಡ ಗುಂಡಿ ಇದೆ, ಹೊರಗಿಂದ ಬರೋರು ಬೀಳೋದೇ ಇದಕ್ಕೆ. ಇಲ್ಲಿ ಬೇಸಿಗೆ ಹುಲ್ಲು ಬರ್ಮುಡಾ, ಚಳಿ ಬಂದ್ರೆ ಕಂದು ಬಣ್ಣಕ್ಕೆ ತಿರುಗಿ ಮಲಗಿಬಿಡತ್ತೆ. ಚಳಿಗಾಲದಲ್ಲೂ ಹಸಿರು ಬೇಕು ಅಂತ ಅದನ್ನ ನೆಲಮಟ್ಟಕ್ಕೆ ಕತ್ತರಿಸಿ ಮೇಲೆ ರೈ ಹುಲ್ಲಿನ ಬೀಜ ಹಾಕ್ತಾರೆ. ಇದೇ ಓವರ್‌ಸೀಡಿಂಗ್. ಇದಕ್ಕೆ ಕೋರ್ಸನ್ನ ಎರಡು ಮೂರು ವಾರ ಪೂರ್ತಿ ಮುಚ್ತಾರೆ, ತೆಗೆದ ಮೇಲೂ ಕೆಲವು ವಾರ ಹುಲ್ಲು ಎಳೆಸು, ಗ್ರೀನ್ ನಿಧಾನ, ಬಗ್ಗಿ (ಆಟಗಾರರು ಓಡಾಡೋ ಸಣ್ಣ ಗಾಡಿ) ಸಿಮೆಂಟ್ ದಾರಿ ಬಿಟ್ಟು ಇಳಿಯೋ ಹಾಗಿಲ್ಲ. ಪ್ರತಿ ಶಾಟಿಗೂ ದಾರಿಯಿಂದ ಬಾಲ್‌ವರೆಗೆ ನಡೆದು ವಾಪಸ್ ಬರ್ಬೇಕು, ರೌಂಡ್ ಐದು ಗಂಟೆ ಎಳೆಯತ್ತೆ. ಬುಕ್ ಮಾಡೋ ಮುಂಚೆ ಪ್ರೋ ಶಾಪಿಗೆ (ಕೋರ್ಸಿನ ಅಂಗಡಿ-ಕೌಂಟರ್) ಫೋನ್ ಮಾಡಿ ಕೇಳಿ: ಓವರ್‌ಸೀಡ್ ಯಾವಾಗ ಮುಗೀತು, ಬಗ್ಗಿ ಫೇರ್‌ವೇಗೆ ಬಿಡ್ತೀರಾ, ಗ್ರೀನಿಗೆ ತೂತು ಹೊಡೆದಿದ್ದು ಯಾವಾಗ. ತೂತು ಅಂದ್ರೆ ಏರೇಷನ್, ಬೇರಿಗೆ ಗಾಳಿ ಆಡ್ಲಿ ಅಂತ ಮಾಡೋದು, ಬೇಸಿಗೇಲಿ ಜಾಸ್ತಿ. ಮಾಡಿದ ವಾರ ಹತ್ತು ದಿನ ಪಟ್, ಅಂದ್ರೆ ಗ್ರೀನ್ ಮೇಲೆ ಹೋಲಿಗೆ ಉರುಳಿಸೋ ಹೊಡೆತ, ಕುಣೀತಾ ಹೋಗತ್ತೆ. ಕೇಳಿದ್ರೆ ಅವ್ರು ನಿಜ ಹೇಳ್ತಾರೆ, ಕೇಳ್ದೆ ಹೋದ್ರೆ ಹೇಳೋಲ್ಲ.

ನವೆಂಬರ್ ಮಧ್ಯದಿಂದ ಡಿಸೆಂಬರ್ ಚೆನ್ನಾಗಿರತ್ತೆ, ಬೆಳಗ್ಗೆ ಮಾತ್ರ ಫ್ರಾಸ್ಟ್ ಡಿಲೇ ಇರಬಹುದು, ಅಂದ್ರೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ರೆ ಕರಗೋವರೆಗೂ ಯಾರನ್ನೂ ಬಿಡೋಲ್ಲ, ತುಳಿದ್ರೆ ಹುಲ್ಲು ಸತ್ತುಹೋಗತ್ತೆ. ಡಿಸೆಂಬರಲ್ಲಿ ಸಂಜೆ ಐದೂವರೆಗೆ ಮುಂಚೆನೇ ಸೂರ್ಯ ಮುಳುಗತ್ತೆ, ಮಧ್ಯಾಹ್ನ ಒಂದು ಗಂಟೆಯ ಟೀ ಟೈಮ್ (ಆಟ ಶುರು ಮಾಡೋ ಹೊತ್ತು) ಅಗ್ಗ ಅಂತ ತಗೊಂಡ್ರೆ ಕೊನೇ ಹೋಲುಗಳು ಕೈತಪ್ಪೋ ಸಾಧ್ಯತೆ ಇದೆ.

ನಾನು ಯಾರಿಗಾದ್ರೂ ಒಂದೇ ತಿಂಗಳು ಹೇಳು ಅಂದ್ರೆ ಮೇ ಮೊದಲ ಎರಡು ವಾರ ಅಂತೀನಿ. ಬಿಸಿಲು ಶುರು ಆಗಿರತ್ತೆ ನಿಜ, ಆದ್ರೆ ಬೆಳಗ್ಗೆ ಆರೂವರೆಗೆ ಹೊರಟ್ರೆ ಹತ್ತೂಮುಕ್ಕಾಲಿಗೆ ಮುಗೀತು, ರೇಟ್ ಇಳಿದಿರತ್ತೆ, ಹುಲ್ಲು ಇನ್ನೂ ಚೆನ್ನಾಗಿರತ್ತೆ, ಪಾಲೋ ವರ್ಡೆ ಮರಗಳ ಹಳದಿ ಹೂವು ನೆಲದ ಮೇಲೆಲ್ಲಾ ಬಿದ್ದಿರತ್ತೆ, ಸಗ್ವಾರೋ ಕಳ್ಳಿ ತುದಿಗೆ ಬಿಳಿ ಹೂವು ಬಿಡೋದೂ ಆಗಲೇ.

ಜೂನಿಂದ ಸೆಪ್ಟೆಂಬರ್: ರೇಟ್ ಮೂರನೇ ಒಂದು ಭಾಗಕ್ಕೆ ಬಂದಿರತ್ತೆ, ಅದಕ್ಕೆ ಕಾರಣಾನೂ ಇದೆ. 2023ರಲ್ಲಿ ಫೀನಿಕ್ಸಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಅಂದ್ರೆ ನಮ್ಮ ಲೆಕ್ಕದಲ್ಲಿ 43 ದಾಟಿ. 2024ರಲ್ಲಿ ಸತತ 113 ದಿನ 100 ಫ್ಯಾರನ್‌ಹೀಟಿಗಿಂತ ಕೆಳಗೆ ಗರಿಷ್ಠ ಇಳೀಲೇ ಇಲ್ಲ. ರಾಯಚೂರು ಕಲಬುರಗಿ ಬಿಸಿಲು ಕಂಡೋರು ಕೂಡ ಇದನ್ನ ಹಗುರವಾಗಿ ತಗೋಬೇಡಿ. ಆಡೋದಾದ್ರೆ ಸೂರ್ಯ ಹುಟ್ಟೋ ಹೊತ್ತಿಗೆ, ಜೂನಲ್ಲಿ ಐದೂಕಾಲಿಗೆಲ್ಲಾ ಬೆಳಕಾಗತ್ತೆ, ಐದೂವರೆ ಟೀ ಟೈಮ್ ಸಿಗತ್ತೆ, ಹತ್ತರೊಳಗೆ ಮುಗಿಸಿ ಎಸಿಗೆ ಬನ್ನಿ. ಅರವತ್ತೈದು ದಾಟಿದೋರು, ಬಿಪಿ ಮಾತ್ರೆ ತಗೊಳ್ಳೋರು ಬೇಸಿಗೇಲಿ ಆಡೋದೇ ಬೇಡ, ಇದು ನನ್ನ ಖಂಡಿತವಾದ ಮಾತು.

ಇನ್ನೊಂದು, ಅರಿಜೋನಾದಲ್ಲಿ ನವಾಹೋ ಪ್ರದೇಶ ಬಿಟ್ರೆ ಗಡಿಯಾರ ಮುಂದೆ ಹಿಂದೆ ಮಾಡೋ ಪದ್ಧತಿ ಇಲ್ಲ. ಕ್ಯಾಲಿಫೋರ್ನಿಯಾಗೂ ಇಲ್ಲಿಗೂ ಬೇಸಿಗೇಲಿ ಒಂದೇ ಟೈಮ್, ಚಳಿಗಾಲದಲ್ಲಿ ಇಲ್ಲಿ ಒಂದು ಗಂಟೆ ಮುಂದೆ. ಕಾರಲ್ಲಿ ಬರೋರು ಟೀ ಟೈಮ್ ತಪ್ಪಿಸ್ಕೊಳ್ಳೋದು ಇದರಿಂದಾನೇ.

ಹಂತ 2: ಕೋರ್ಸ್ ಆರಿಸಿ

ಇಲ್ಲಿ ಮೂರು ಥರ. ಪ್ರೈವೇಟ್ ಕ್ಲಬ್, ಮೆಂಬರ್ ಕರ್ಕೊಂಡು ಹೋಗ್ದೆ ಒಳಗೆ ಬಿಡೋಲ್ಲ, ಮೇಲೆ ಹೇಳಿದ ಡೆಸರ್ಟ್ ಹೈಲ್ಯಾಂಡ್ಸ್ ಹಂಗೆ. ಮುನಿಸಿಪಲ್, ಸಿಟಿಯವರದ್ದು, ಅಗ್ಗ, ಫೀನಿಕ್ಸಿನ ಪಪಾಗೋ ಒಳ್ಳೇ ಉದಾಹರಣೆ. ಮೂರನೇದು ರೆಸಾರ್ಟ್ ಅಥವಾ ಡೈಲಿ ಫೀ, ದುಡ್ಡು ಕೊಟ್ರೆ ಯಾರು ಬೇಕಾದ್ರೂ ಆಡಬಹುದು, ರೆಸಾರ್ಟಲ್ಲಿ ಉಳ್ಕೊಂಡಿರ್ಲೇಬೇಕು ಅಂತೇನಿಲ್ಲ.

ಮರುಭೂಮಿಗೆ ಹೊಸಬರಾದ್ರೆ ಟಾಕಿಂಗ್ ಸ್ಟಿಕ್ಕಿಂದ ಶುರು ಮಾಡಿ. ಸಾಲ್ಟ್ ರಿವರ್ ಪೀಮಾ-ಮಾರಿಕೋಪಾ ಮೂಲನಿವಾಸಿಗಳ ನೆಲ, ಕೂರ್ ಮತ್ತು ಕ್ರೆನ್ಷಾ ಅನ್ನೋ ಡಿಸೈನರ್ ಜೋಡಿ ಮಾಡಿದ ಎರಡು ಕೋರ್ಸ್, ಫೇರ್‌ವೇ ಅಗಲ, ನೆಲ ಸಮ, ಪಕ್ಕದಲ್ಲೇ ರೆಸಾರ್ಟ್. ಇದರಲ್ಲಿ ಧೈರ್ಯ ಬಂದ ಮೇಲೆ ವೀ-ಕೋ-ಪಾ, ಫೋರ್ಟ್ ಮ್ಯಾಕ್‌ಡೊವೆಲ್ ಯವಾಪೈ ಜನಾಂಗದ್ದು, ಚೋಯಾ ಮತ್ತು ಸಗ್ವಾರೋ ಅಂತ ಎರಡು ಕೋರ್ಸ್, ಎರಡೂ ಕಳ್ಳಿಗಳ ಹೆಸರೇ. ಸುತ್ತ ಒಂದೂ ಮನೆ ಇಲ್ಲ, ಕಣ್ಣು ಹಾಯಿಸಿದಷ್ಟೂ ಬೆಟ್ಟ ಮತ್ತು ಕಳ್ಳಿ. ನನ್ನ ಕೇಳಿದ್ರೆ ಒಂದೇ ರೌಂಡಿಗೆ ಟೈಮ್ ಇರೋರು ಸಗ್ವಾರೋ ಕೋರ್ಸಿಗೆ ಹೋಗಿ, ಮರುಭೂಮಿ ಅಂದ್ರೆ ಏನು ಅಂತ ಅಲ್ಲಿ ಗೊತ್ತಾಗತ್ತೆ, ಹಾಗಂತ ಪ್ರತಿ ಶಾಟಿಗೂ ಶಿಕ್ಷೆ ಕೊಡೋಲ್ಲ.

ಟ್ರೂನ್ ನಾರ್ತ್ ಇನ್ನೂ ಕಠಿಣ, ಮಾನ್ಯುಮೆಂಟ್ ಮತ್ತು ಪಿನಾಕಲ್ ಅಂತ ಎರಡು. ಮಾನ್ಯುಮೆಂಟಿನ ಮೂರನೇ ಹೋಲಲ್ಲಿ ಫೇರ್‌ವೇ ಮಧ್ಯಾನೇ ಮನೆ ಗಾತ್ರದ ಬಂಡೆ ನಿಂತಿದೆ, ಕೋರ್ಸಿಗೆ ಆ ಹೆಸರು ಬಂದಿದ್ದೇ ಅದರಿಂದ. ಟಿಪಿಸಿ ಸ್ಕಾಟ್ಸ್‌ಡೇಲಿನ ಸ್ಟೇಡಿಯಂ ಕೋರ್ಸ್ ಟಿವಿಲಿ ನೋಡಿರ್ತೀರಿ, 16ನೇ ಹೋಲ್ ಸುತ್ತ ಕ್ರಿಕೆಟ್ ಸ್ಟೇಡಿಯಂ ಥರ ಜನ ಕೂಗಾಡೋದು. ಸುಮಾರು 160 ಯಾರ್ಡಿನ ಸಣ್ಣ ಪಾರ್ 3 ಅದು, ಅಂದ್ರೆ ಮೂರು ಹೊಡೆತಕ್ಕೆ ಮುಗಿಸ್ಬೇಕಾದ ಹೋಲ್. ಫೀನಿಕ್ಸ್ ಓಪನ್ ಮುಗಿದ ಮೇಲೆ ಗ್ಯಾಲರಿ ಬಿಚ್ಚಿಬಿಡ್ತಾರೆ, ಆಮೇಲೆ ಹೋದ್ರೆ ಮಾಮೂಲಿ ಹೋಲ್ ಥರ ಕಾಣತ್ತೆ, ಫೋಟೋ ಆಸೆಗೆ ಅಷ್ಟೊಂದು ದುಡ್ಡು ಕೊಡೋರು ಇದನ್ನ ತಿಳ್ಕೊಂಡಿರಿ. ಗ್ಯಾಲರಿ ಇರೋವಾಗ್ಲೇ ಆಡ್ಬೇಕು ಅಂದ್ರೆ ಕಟ್ತಾ ಇರೋ ದಿನಗಳನ್ನ ಫೋನಲ್ಲಿ ಕೇಳಿ ಬುಕ್ ಮಾಡಿ.

ಹಂತ 3: ಬುಕಿಂಗ್

ವಿಮಾನದ ಟಿಕೆಟ್ ಹೆಂಗೋ ಇಲ್ಲಿ ಟೀ ಟೈಮೂ ಹಂಗೇ, ಬೇಡಿಕೆ ನೋಡಿ ರೇಟ್ ಮೇಲೆ ಕೆಳಗೆ ಆಡತ್ತೆ. ಕೋರ್ಸಿನ ಸ್ವಂತ ಸೈಟಲ್ಲೇ ಮೊದಲು ನೋಡಿ, ಆಮೇಲೆ ಬುಕಿಂಗ್ ಆ್ಯಪ್‌ಗಳು. ಆ್ಯಪಲ್ಲಿ ತಗೊಂಡ್ರೆ ಮೇಲೆ ಫೀಸ್ ಸೇರತ್ತೆ, ಕ್ಯಾನ್ಸಲ್ ಮಾಡಿದ್ರೆ ವಾಪಸ್ ಬರೋದು ಕಷ್ಟ. ಒಂದು ದಿನ ಮುಂಚೆ ಹೇಳಿದ್ರೆ ಸಾಕಾ, ಮೂರು ದಿನ ಮುಂಚೆ ಹೇಳ್ಬೇಕಾ ಅನ್ನೋದು ಕೋರ್ಸಿಂದ ಕೋರ್ಸಿಗೆ ಬೇರೆ, ಕಾರ್ಡ್ ನಂಬರ್ ಕೊಡೋ ಮುಂಚೆ ಓದಿ. ಮಧ್ಯಾಹ್ನದ ಮೇಲಿನ ಟ್ವೈಲೈಟ್ ರೇಟ್ ಕಡಿಮೆ. ಸ್ಥಳೀಯರ ರೇಟಿಗೆ ಅರಿಜೋನಾ ಡ್ರೈವಿಂಗ್ ಲೈಸೆನ್ಸ್ ತೋರಿಸ್ಬೇಕು, ಇಲ್ಲಿರೋ ಮಗ ಸೊಸೆಗೆ ಸಿಗತ್ತೆ, ಜೊತೆಗೆ ಬಂದ ಅತಿಥಿಗೆ ಎಷ್ಟು ಅಂತ ಕೇಳಿ ನೋಡಿ, ಕೆಲವರು ಕಡಿಮೆ ಮಾಡ್ತಾರೆ.

ಒಬ್ಬರೇ ಅಥ್ವಾ ಇಬ್ಬರೇ ಹೋದ್ರೆ ಗುರುತಿಲ್ಲದವರ ಜೊತೆ ಸೇರಿಸಿ ನಾಲ್ಕು ಜನ ಮಾಡ್ತಾರೆ. ಇದಕ್ಕೆ ಮುಜುಗರ ಬೇಡ, ಹೆಸರು ಹೇಳಿ ಕೈ ಕುಲುಕಿ ಆಡಿ, ಎಷ್ಟೋ ಸಲ ಅವ್ರಿಗೇ ಕೋರ್ಸ್ ಚೆನ್ನಾಗಿ ಗೊತ್ತಿರತ್ತೆ.

ಕ್ಲಬ್ ಸೆಟ್ (ಹೊಡೆಯೋ ಕೋಲುಗಳು) ಬೆಂಗಳೂರಿಂದ ಹೊತ್ಕೊಂಡು ಬರ್ಬೇಕಾ? ಒಂದೆರಡು ರೌಂಡಿಗೆ ಬೇಡ. ಇಲ್ಲಿ ಬಾಡಿಗೆ ಸೆಟ್ 60ರಿಂದ 100 ಡಾಲರ್, ಹೊಸಾ ಮಾಡೆಲ್ಲೇ ಇರತ್ತೆ. ಬುಕ್ ಮಾಡೋವಾಗ್ಲೇ ಹೇಳಿ, ಎಡಗೈ ಆಟಗಾರರಂತೂ ಖಂಡಿತ ಮುಂಚೆ ಹೇಳ್ಲೇಬೇಕು. ಬಾಡಿಗೆ ಕ್ಲಬ್ಬಲ್ಲಿ ಕಲ್ಲಿನ ಮೇಲಿಂದ ಹೊಡೆದು ಗೀರು ಬಿದ್ರೆ ದುಡ್ಡು ಕೇಳಬಹುದು ಅನ್ನೋದೂ ನೆನಪಿರ್ಲಿ.

ಹಂತ 4: ಬ್ಯಾಗಲ್ಲಿ ಏನಿರ್ಬೇಕು

ಕಾಲರ್ ಇರೋ ಟೀಶರ್ಟ್, ಜೀನ್ಸ್ ಬೇಡ, ಶಾರ್ಟ್ಸ್ ನಡೆಯತ್ತೆ, ಶೂಗೆ ಲೋಹದ ಮೊಳೆ ಬೇಡ. ಅಗಲ ಅಂಚಿನ ಟೋಪಿ ತನ್ನಿ, ಬರೀ ಕ್ಯಾಪ್ ಹಾಕಿದ್ರೆ ಕಿವಿ ಕುತ್ತಿಗೆ ಸುಟ್ಟುಹೋಗತ್ತೆ. ನಮ್ಮ ಬಣ್ಣಕ್ಕೆ ಸನ್‌ಸ್ಕ್ರೀನ್ ಯಾಕೆ ಅನ್ನೋರಿದ್ದಾರೆ, ಹಾಕ್ಕೊಳಿ. ಹಾಕಿ ಕೈ ಒರೆಸ್ಕೊಳಿ, ಗ್ರಿಪ್ ಜಾರತ್ತೆ. ತುಟಿಗೆ ಬಾಮ್, ಗಾಳಿ ಅಷ್ಟು ಒಣ.

ಬಾಲ್ ಒಂದು ಡಜನ್‌ಗೆ ಕಡಿಮೆ ಬೇಡ, ದುಬಾರಿದು ಬೇಡ. ಒಂದು ಹಳೇ ವೆಡ್ಜ್ ಅಥ್ವಾ ಹಳೇ 7 ಐರನ್ ಕ್ಲಬ್ ಇದ್ರೆ ಹಾಕ್ಕೊಳಿ, ಇಲ್ಲಿನವರು ಅದನ್ನ ಕಲ್ಲಿನ ಮೇಲಿಂದ ಹೊಡೆಯೋಕೇ ಅಂತ ಇಟ್ಕೊಂಡಿರ್ತಾರೆ. ಓಆರ್‌ಎಸ್ ಪುಡಿ ಮೂರು ನಾಲ್ಕು ಪ್ಯಾಕೆಟ್ ಊರಿಂದ್ಲೇ ತನ್ನಿ, ಇಲ್ಲಿನ ಸ್ಪೋರ್ಟ್ಸ್ ಡ್ರಿಂಕ್ಸ್ ಸಿಕ್ಕಾಪಟ್ಟೆ ಸಿಹಿ. ಕೊನೇದಾಗಿ ಒಂದು ಗಟ್ಟಿ ಹಲ್ಲಿನ ಬಾಚಣಿಗೆ ಮತ್ತು ಒಂದು ಸಣ್ಣ ಚಿಮುಟ. ಯಾಕೆ ಅಂತ ಕೆಳಗೆ ಹೇಳ್ತೀನಿ.

ಹಂತ 5: ಕೋರ್ಸಿಗೆ ಹೋದ ದಿನ

ಒಂದು ಗಂಟೆ ಮುಂಚೆ ಹೋಗಿ. ಗೇಟಿನ ಹತ್ರ ಬ್ಯಾಗ್ ಡ್ರಾಪ್ ಅಂತಿರತ್ತೆ, ಹುಡುಗರು ಬಂದು ಕಾರಿಂದ ಬ್ಯಾಗ್ ಇಳಿಸಿ ಬಗ್ಗಿಗೆ ಕಟ್ತಾರೆ. ಅವ್ರಿಗೆ ಬ್ಯಾಗಿಗೆ ಎರಡರಿಂದ ಐದು ಡಾಲರ್ ಟಿಪ್ ಕೊಡೋದು ರೂಢಿ, ರೌಂಡ್ ಮುಗಿದ ಮೇಲೆ ಕ್ಲಬ್ ಒರೆಸಿ ಕೊಡೋರಿಗೂ ಅಷ್ಟೇ. ಚಿಲ್ಲರೆ ನೋಟು ಇಟ್ಕೊಂಡಿರಿ.

ನಮ್ಮಲ್ಲಿ ಬಗ್ಗಿ ಅನ್ನೋದನ್ನ ಇಲ್ಲಿ ಕಾರ್ಟ್ ಅಂತಾರೆ. ಕ್ಯಾಡಿ ಇರೋಲ್ಲ, ಇದು ಬೆಂಗಳೂರಿನವರಿಗೆ ದೊಡ್ಡ ಬದಲಾವಣೆ. ಪಟ್ ಯಾವ ಕಡೆ ತಿರುಗತ್ತೆ ಅಂತ ಲೈನ್ ನೋಡೋರು ಯಾರೂ ಇಲ್ಲ, ಬಾಲ್ ಎಲ್ಲಿ ಬಿತ್ತು ಅಂತ ನೀವೇ ಕಣ್ಣಿಟ್ಟು ನೋಡ್ಬೇಕು, ಬಂಕರ್, ಅಂದ್ರೆ ಮರಳು ಗುಂಡಿ, ನೀವೇ ಸಮ ಮಾಡ್ಬೇಕು, ಗ್ರೀನಲ್ಲಿ ಬಾಲ್ ಬಿದ್ದ ಗುಳಿ ನೀವೇ ಸರಿ ಮಾಡ್ಬೇಕು, ಹೋಲಿನ ಫ್ಲ್ಯಾಗ್ ತೆಗೆದು ಇಡೋದೂ ನೀವೇ. ಕೆಲವು ರೆಸಾರ್ಟುಗಳಲ್ಲಿ ದುಡ್ಡು ಕೊಟ್ರೆ ಫೋರ್‌ಕ್ಯಾಡಿ ಸಿಗ್ತಾರೆ, ಮುಂದೆ ಓಡಿಹೋಗಿ ನಾಲ್ಕೂ ಜನರ ಬಾಲ್ ಗುರುತಿಡೋರು. ನಾಲ್ಕು ಜನ ಹಂಚ್ಕೊಂಡ್ರೆ ಟ್ರೂನ್ ನಾರ್ತ್ ಥರದ ಕೋರ್ಸಲ್ಲಿ ಇದು ಲಾಭವೇ.

ಕಾರ್ಟಲ್ಲಿ ಜಿಪಿಎಸ್ ಪರದೆ ಇರತ್ತೆ, ಗ್ರೀನಿಗೆ ಎಷ್ಟು ದೂರ, ಮುಂದಿನ ಒಣಹಳ್ಳ ದಾಟೋಕೆ ಎಷ್ಟು ಅಂತ ತೋರಿಸತ್ತೆ. ಮರುಭೂಮಿ ಒಳಗೆ ಅಥ್ವಾ ಗ್ರೀನ್ ಹತ್ರ ನುಗ್ಗಿಸಿದ್ರೆ ಹೆಚ್ಚಿನ ಕಡೆ ಕಾರ್ಟ್ ತಾನೇ ನಿಂತುಬಿಡತ್ತೆ, ರಿವರ್ಸಲ್ಲಿ ಮಾತ್ರ ಹೊರಗೆ ಬರತ್ತೆ, ಕೆಟ್ಟುಹೋಯ್ತು ಅಂತ ಗಾಬರಿ ಆಗ್ಬೇಡಿ.

ಹಂತ 6: ಯಾವ ಟೀ

ನಮ್ಮೋರು ಅತಿ ಹೆಚ್ಚು ಎಡವೋದು ಇಲ್ಲೇ. ಇಷ್ಟು ದುಡ್ಡು ಕೊಟ್ಟಿದೀವಿ, ಪೂರ್ತಿ ಕೋರ್ಸ್ ನೋಡ್ಬೇಕು ಅಂತ ಹೋಲಿಂದ ಅತಿ ದೂರದ ಹಿಂದಿನ ಟೀಗೆ ಹೋಗ್ತಾರೆ. ಒಂದು ಸುಲಭ ಲೆಕ್ಕ: ನಿಮ್ಮ 5 ಐರನ್ ಎಷ್ಟು ಯಾರ್ಡ್ ಹೋಗತ್ತೋ ಅದನ್ನ 36ರಿಂದ ಗುಣಿಸಿ. 150 ಹೋದ್ರೆ 5,400. ಸ್ಕೋರ್‌ಕಾರ್ಡಲ್ಲಿ ಒಟ್ಟು ಉದ್ದ ಆ ಸಂಖ್ಯೆಗೆ ಹತ್ರ ಇರೋ ಟೀ ನಿಮ್ಮದು, ಬಣ್ಣ ಯಾವುದಾದ್ರೂ ಸರಿ. ಪಕ್ಕದಲ್ಲಿ ಸ್ಲೋಪ್ ಅಂತ ಒಂದು ಅಂಕಿ ಇರತ್ತೆ, ನಿಪುಣನಿಗಿಂತ ಸಾಮಾನ್ಯ ಆಟಗಾರನಿಗೆ ಈ ಕೋರ್ಸ್ ಎಷ್ಟು ಜಾಸ್ತಿ ಕಷ್ಟ ಅನ್ನೋ ಅಳತೆ, 55ರಿಂದ 155ರವರೆಗೆ, ನಡುಮಟ್ಟ 113. ಮರುಭೂಮಿ ಕೋರ್ಸುಗಳ ಹಿಂದಿನ ಟೀಗಳಲ್ಲಿ ಇದು 140 ಆಸುಪಾಸು ಇರೋದು ಮಾಮೂಲಿ. ಕಾರಣ ಒಂದೇ, ಕ್ಯಾರಿ, ಅಂದ್ರೆ ಬಾಲ್ ನೆಲ ಮುಟ್ಟದೆ ಗಾಳಿಯಲ್ಲೇ ದಾಟಬೇಕಾದ ದೂರ. ಹೋಲಿಗೆ ಹತ್ರದ ಮುಂದಿನ ಟೀಯಿಂದ 80 ಯಾರ್ಡ್ ದಾಟಿದ್ರೆ ಸಾಕಾಗೋ ಕಡೆ ಹಿಂದಿನಿಂದ 180 ಬೇಕಾಗತ್ತೆ. ಒಂದು ಟೀ ಮುಂದೆ ಬಂದ್ರೆ ಆಟ ಪೂರ್ತಿ ಬೇರೆ ಆಗತ್ತೆ.

ಹಂತ 7: ಹೊಡೆಯೋದು

ಟೀ ಮೇಲೆ ನಿಂತಾಗ ಫೇರ್‌ವೇ ಬೆರಳಗಲ ಕಾಣತ್ತೆ, ಸುತ್ತ ಎಲ್ಲಾ ಕಂದು. ನಿಜದಲ್ಲಿ ಅದು ಅಷ್ಟು ಕಿರಿದಿಲ್ಲ, ನಡೆದು ಹೋದ್ರೆ ಅಗಲ ಗೊತ್ತಾಗತ್ತೆ. ಕಣ್ಣು ಮುಳ್ಳಿನ ಮೇಲೆ ಇಟ್ರೆ ಬಾಲೂ ಅಲ್ಲಿಗೇ, ಅದಕ್ಕೆ ದೂರದ ಬೆಟ್ಟದ ಒಂದು ತುದಿಯನ್ನೋ ಒಂದು ಕಳ್ಳಿಯನ್ನೋ ಗುರಿ ಮಾಡ್ಕೊಳಿ. ಅತಿ ದೂರ ಹೊಡೆಯೋ ಕ್ಲಬ್, ಅಂದ್ರೆ ಡ್ರೈವರ್, ಪ್ರತಿ ಪಾರ್ 4ಕ್ಕೂ ಬೇಡ. ಜಿಪಿಎಸಲ್ಲಿ ಫೇರ್‌ವೇ ಎಲ್ಲಿ ಮುಗಿಯತ್ತೆ ನೋಡಿ, ಎಷ್ಟೋ ಹೋಲಲ್ಲಿ ಮಧ್ಯ ಒಣಹಳ್ಳ ಅಡ್ಡ ಹರಿದಿರತ್ತೆ, ಇಲ್ಲಿ ಅದನ್ನ ವಾಶ್ ಅಂತಾರೆ. ಅದರ ಹಿಂದೆ ಬೇಕಂತಲೇ ನಿಲ್ಲಿಸೋ ಶಾಟಿಗೆ ಲೇಅಪ್ ಅಂತ ಹೆಸರು. ಹೈಬ್ರಿಡ್ ಕ್ಲಬ್ಬಲ್ಲಿ ಒಂದು, ಆಮೇಲೆ 8 ಐರನ್, ಎರಡು ಪಟ್, ಪಾರ್ ಆಯ್ತು.

ಮರುಭೂಮಿಲಿ ಬಾಲ್ ದೂರ ಹೋಗತ್ತೆ ಅಂತ ಎಲ್ಲರೂ ಹೇಳ್ತಾರೆ. ಮುಂಬೈ, ಚೆನ್ನೈ, ಮಂಗಳೂರಿಂದ ಬರೋರಿಗೆ ನಿಜ. ಬೆಂಗಳೂರಿನವರು ಮಾತ್ರ ಹುಷಾರು. ಬೆಂಗಳೂರು 900 ಮೀಟರ್ ಮೇಲಿದೆ, ಸ್ಕಾಟ್ಸ್‌ಡೇಲ್ ಸುಮಾರು 380, ಉತ್ತರಕ್ಕೆ ಹೋದ ಹಾಗೆ ಏರತ್ತಾದ್ರೂ ಹೆಚ್ಚಿನ ಕೋರ್ಸುಗಳು ಬೆಂಗಳೂರಿನಷ್ಟು ಎತ್ತರದಲ್ಲಿಲ್ಲ. ಜನವರಿ ಬೆಳಗಿನ ಐದಾರು ಡಿಗ್ರಿ ಚಳೀಲಿ ನಿಮ್ಮ 7 ಐರನ್ ಊರಿಗಿಂತ ಕಮ್ಮಿನೇ ಹೋಗತ್ತೆ, ಒಂದು ಕ್ಲಬ್ ಜಾಸ್ತಿ ತಗೊಳಿ, ಅಂದ್ರೆ 7ರ ಬದಲು 6 ಐರನ್. ಮಧ್ಯಾಹ್ನ ಬಿಸಿ ಏರಿದ ಮೇಲೆ ಸರಿಹೋಗತ್ತೆ.

ಗ್ರೀನಲ್ಲಿ ಕಣ್ಣನ್ನ ಪೂರ್ತಿ ನಂಬ್ಬೇಡಿ. ಬೆಟ್ಟದ ಬುಡದಲ್ಲಿ ಕಟ್ಟಿರೋದ್ರಿಂದ ಇಡೀ ನೆಲಾನೇ ವಾಲಿರತ್ತೆ, ಸಮ ಅನ್ಸಿದ ಪಟ್ ಕೂಡ ಬೆಟ್ಟದಿಂದ ದೂರ, ಕಣಿವೆ ಕಡೆಗೆ ತಿರುಗತ್ತೆ. ಉತ್ತರ ಸ್ಕಾಟ್ಸ್‌ಡೇಲಲ್ಲಿ ಪಿನಾಕಲ್ ಪೀಕ್ ಬೆಟ್ಟ ಎಲ್ಲಿದೆ ಅಂತ ಮೊದಲೇ ಗುರುತಿಟ್ಕೊಳಿ. ಬೇಸಿಗೆಯ ಬರ್ಮುಡಾ ಗ್ರೀನಲ್ಲಿ ಹುಲ್ಲು ಹೊಳೀತಿದ್ರೆ ಅದು ನಿಮ್ಮಿಂದ ಆಚೆ ಮಲಗಿದೆ, ಪಟ್ ವೇಗ, ಮಂಕಾಗಿದ್ರೆ ನಿಧಾನ.

ಹಂತ 8: ಬಾಲ್ ಮರುಭೂಮಿಗೆ ಹೋಯ್ತು, ಈಗೇನು

ಹೋಗೇ ಹೋಗತ್ತೆ, ಬೇಜಾರಾಗ್ಬೇಡಿ. ಮೊದಲ ಕೆಲಸ ಸ್ಕೋರ್‌ಕಾರ್ಡಿನ ಹಿಂಬದಿ ಓದೋದು, ಇದನ್ನ ಮೊದಲ ಟೀಯಲ್ಲೇ ಓದಿರ್ಬೇಕು. ಎಷ್ಟೋ ರೆಸಾರ್ಟ್ ಕೋರ್ಸುಗಳಲ್ಲಿ ಆಟ ಬೇಗ ಸಾಗ್ಲಿ ಅಂತ ಇಡೀ ಮರುಭೂಮಿಯನ್ನ ರೆಡ್ ಪೆನಾಲ್ಟಿ ಏರಿಯಾ ಅಂತ ಮಾಡಿರ್ತಾರೆ, ಡೆಸರ್ಟ್ ರೂಲ್ ಅಂತ ಕರೀತಾರೆ. ಹಂಗಿದ್ರೆ ಬಾಲ್ ಹುಲ್ಲು ದಾಟಿ ಒಳಗೆ ಹೋದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲಿಗೆ ಹತ್ರ ಆಗದ ಹಾಗೆ, ಮೊಣಕಾಲೆತ್ತರದಿಂದ ಡ್ರಾಪ್ ಮಾಡಿ, ಒಂದು ಸ್ಟ್ರೋಕ್ ದಂಡ, ಮುಗೀತು.

ಆ ರೂಲ್ ಇಲ್ದೆ ಹೋದ್ರೆ ಮರುಭೂಮಿ ಕೂಡ ಮಾಮೂಲಿ ಜಾಗವೇ. ಬಾಲ್ ಸಿಗ್ಲಿಲ್ಲ ಅಂದ್ರೆ ಒಂದು ದಂಡ ಸೇರಿಸಿ ಹೊಡೆದ ಕಡೆಗೇ ವಾಪಸ್ ಹೋಗ್ಬೇಕು. ಅದಕ್ಕೇ ಅನುಮಾನ ಬಂದ ಕೂಡ್ಲೇ, ಟೀ ಬಿಡೋ ಮುಂಚೆ, ಪ್ರೊವಿಷನಲ್ (ತಾತ್ಕಾಲಿಕ ಬಾಲ್) ಅಂತ ಬಾಯ್ಬಿಟ್ಟು ಹೇಳಿ ಇನ್ನೊಂದು ಬಾಲ್ ಹೊಡೆದಿಡಿ. ಹೇಳ್ದೆ ಹೊಡೆದ್ರೆ ಅದೇ ನಿಮ್ಮ ಬಾಲ್ ಆಗಿಬಿಡತ್ತೆ. ಹುಡುಕೋಕೆ 2019ರಿಂದ ಇರೋದು ಮೂರೇ ನಿಮಿಷ.

ಬಾಲ್ ಸಿಕ್ತು, ಆದ್ರೆ ಕಳ್ಳಿ ಬುಡದಲ್ಲಿದೆ. ಇಲ್ಲಿ ಗೊತ್ತಿರಬೇಕಾದ ಕೆಲವು ವಿಷಯ. ಬಿಡಿಯಾಗಿ ಬಿದ್ದಿರೋ ಕಲ್ಲು, ಒಣ ಕಡ್ಡಿ ತೆಗೀಬಹುದು, ಬಾಲ್ ಅಲ್ಲಾಡಬಾರದು. ಕಲ್ಲು ಎಷ್ಟು ದೊಡ್ಡದಿರಬಹುದು ಅಂದ್ರೆ, 1999ರ ಫೀನಿಕ್ಸ್ ಓಪನಲ್ಲಿ ಟೈಗರ್ ವುಡ್ಸ್ ಬಾಲ್ 13ನೇ ಹೋಲಲ್ಲಿ ಒಂದು ಬಂಡೆ ಹಿಂದೆ ನಿಂತಿತ್ತು, ನೆಲದಲ್ಲಿ ಹೂತಿಲ್ಲ ಅಂತ ಅಧಿಕಾರಿ ಹೇಳಿದ ಮೇಲೆ ನೋಡೋಕೆ ಬಂದ ಜನಾನೇ ಸೇರಿ ಅದನ್ನ ಉರುಳಿಸಿದ್ರು, ರೂಲ್ ಪ್ರಕಾರ ಸರಿಯಾಗೇ ಇತ್ತು. ಆದ್ರೆ ಬೆಳೀತಾ ಇರೋ ಗಿಡ, ಕಳ್ಳಿ ಮುರಿಯೋ ಹಾಗಿಲ್ಲ. ಮುಳ್ಳು ಚುಚ್ಚತ್ತೆ ಅಂತ ಮೈಗೆ ಟವೆಲ್ ಸುತ್ಕೋಬಹುದು, ಕಳ್ಳಿ ಮೇಲೆ ಟವೆಲ್ ಹೊದಿಸಿದ್ರೆ ದಂಡ. ಹಾವು, ಜೇನು ಪಕ್ಕದಲ್ಲಿದ್ರೆ ದಂಡ ಇಲ್ದೆ ಬೇರೆ ಕಡೆ ಡ್ರಾಪ್ ಮಾಡಬಹುದು, ಕಳ್ಳಿ ಇದೆ ಅಂತ ಆ ವಿನಾಯಿತಿ ಇಲ್ಲ.

ಆಡೋಕಾಗಲ್ಲ ಅನ್ಸಿದ್ರೆ ಅನ್‌ಪ್ಲೇಯಬಲ್ ಅಂತ ಹೇಳಿ ಒಂದು ದಂಡ ತಗೊಂಡು ಎರಡು ಕ್ಲಬ್ ಉದ್ದದೊಳಗೆ ಡ್ರಾಪ್, ಅಥ್ವಾ ಹೋಲ್ ಮತ್ತು ಬಾಲ್ ಸೇರಿಸೋ ಗೆರೆಯಲ್ಲಿ ಹಿಂದಕ್ಕೆ ಎಷ್ಟು ದೂರ ಬೇಕಾದ್ರೂ ಹೋಗಿ ಡ್ರಾಪ್. ಎರಡು ಕ್ಲಬ್ ಉದ್ದ ಹೋದ್ರೂ ಮತ್ತೆ ಮುಳ್ಳೇ ಇರೋ ಕಡೆ ಹಿಂದಕ್ಕೆ ಹೋಗೋದೇ ವಾಸಿ. ಬಾಲ್ ಸಗ್ವಾರೋ ಕಂಬದ ತೂತಲ್ಲಿ ಸಿಕ್ಕಿಹಾಕ್ಕೊಳ್ಳೋದೂ ಉಂಟು, ಅದು ನಿಮ್ಮದೇ ಅಂತ ಗುರುತು ಸಿಕ್ರೆ ಅದರ ನೇರ ಕೆಳಗಿನ ನೆಲದಿಂದ ಅಳೀರಿ. ಅಲ್ಲಾಡಿಸೋದು ಹತ್ತೋದು ಬೇಡವೇ ಬೇಡ. ಸಗ್ವಾರೋಗೆ ಒಂದು ಕೈ ಮೂಡೋಕೆ ಐವತ್ತು ಎಪ್ಪತ್ತು ವರ್ಷ ಬೇಕು, ಹಾನಿ ಮಾಡಿದ್ರೆ ರಾಜ್ಯದ ಕಾನೂನಲ್ಲಿ ಅಪರಾಧ.

ಕಲ್ಲಿನ ಮೇಲಿಂದ ಹೀರೋ ಥರ ಹೊಡೆಯೋಕೆ ಹೋಗ್ಬೇಡಿ. ಬಾಲ್ ಕಲ್ಲಿಗೆ ಬಡಿದು ನಿಮ್ಮ ಕಡೆಗೇ ಹಾರತ್ತೆ, ಮಣಿಕಟ್ಟಿಗೆ ಪೆಟ್ಟು ಬೀಳತ್ತೆ. ಹತ್ತಿರದ ಹುಲ್ಲಿಗೆ ತಳ್ಳಿ, ಸಾಕು.

ಹಂತ 9: ಮುಳ್ಳು, ಹಾವು, ಬಿಸಿಲು

ಚೋಯಾ ಅನ್ನೋ ಕಳ್ಳಿ ನೋಡೋಕೆ ಮೃದುವಾಗಿ ಕಾಣತ್ತೆ, ಬಿಸಿಲಿಗೆ ಬೆಳ್ಳಿ ಥರ ಹೊಳೀತಿರತ್ತೆ. ಸ್ವಲ್ಪ ತಾಗಿದ್ರೂ ಒಂದು ಗೆಣ್ಣು ಕಳಚಿ ಅಂಟ್ಕೊಳತ್ತೆ, ಅದಕ್ಕೇ ಇದಕ್ಕೆ ಹಾರೋ ಚೋಯಾ ಅಂತ ಹೆಸರು. ಪ್ಯಾಂಟಿಗೆ ಅಂಟಿದ್ದನ್ನ ಬೆರಳಿಂದ ಕೀಳೋಕೆ ಹೋಗ್ತೀರಿ, ಬೆರಳಿಗೆ ಸಿಗತ್ತೆ, ಇನ್ನೊಂದು ಕೈಯಿಂದ ಬಿಡಿಸೋಕೆ ಹೋದ್ರೆ ಅದಕ್ಕೂ. ಮುಳ್ಳಿನ ತುದೀಲಿ ಕಣ್ಣಿಗೆ ಕಾಣದ ಹಿಮ್ಮುಖ ಕೊಕ್ಕೆ ಇದೆ. ಬಾಚಣಿಗೆಯ ಹಲ್ಲನ್ನ ಚರ್ಮಕ್ಕೂ ಗೆಣ್ಣಿಗೂ ಮಧ್ಯ ತೂರಿಸಿ ಒಂದೇ ಸಲ ಜೋರಾಗಿ ಚಿಮ್ಮಿಸಿ, ಎದುರಿಗೆ ಯಾರೂ ಇಲ್ಲ ಅಂತ ನೋಡ್ಕೊಂಡು. ಉಳಿದ ಮುಳ್ಳನ್ನ ಚಿಮುಟದಿಂದ ಒಂದೊಂದೇ.

ಗಿಲಕಿ ಹಾವು, ಅಂದ್ರೆ ಬಾಲದಲ್ಲಿ ಗಿಲಕಿ ಇರೋ ರ್‍ಯಾಟಲ್‌ಸ್ನೇಕ್, ಮಾರ್ಚಿಂದ ಅಕ್ಟೋಬರ್‌ವರೆಗೆ ಓಡಾಡತ್ತೆ, ಬೇಸಿಗೇಲಿ ಬೆಳಗ್ಗೆ ಸಂಜೆ ತಂಪಲ್ಲಿ ಜಾಸ್ತಿ. ಪೊದೆಯೊಳಗೆ, ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಕ್ಲಬ್ಬಿಂದ ಎಳೀರಿ, ಇಲ್ಲಾ ಬಾಲ್ ಬಿಟ್ಟುಬಿಡಿ. ಕಂಡ್ರೆ ಎರಡು ಮೀಟರಿಗಿಂತ ದೂರ ನಿಧಾನಕ್ಕೆ ಸರೀರಿ, ಕ್ಲಬ್ಬಿಂದ ಹೊಡೆಯೋ ಸಾಹಸ ಬೇಡ. ಕಚ್ಚಿದ್ರೆ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಯಾವುದೂ ಮಾಡ್ಬೇಡಿ. ಉಂಗುರ ವಾಚು ಬಿಚ್ಚಿ, ಅಲ್ಲಾಡದೆ ಕೂತು ತುರ್ತು ನಂಬರ್ 911ಕ್ಕೆ ಫೋನ್ ಮಾಡಿ, ಜಿಪಿಎಸಲ್ಲಿ ಕಾಣೋ ಹೋಲ್ ನಂಬರ್ ಹೇಳಿ.

ಇಷ್ಟೆಲ್ಲಾ ಇದ್ರೂ ಹಾವಿಗಿಂತ ಹೆಚ್ಚು ಜನ ಬೀಳೋದು ಬಿಸಿಲಿಗೆ. ಗಾಳಿ ಎಷ್ಟು ಒಣ ಅಂದ್ರೆ ಬೆವರು ಬಂದ ಹಾಗೇ ಆರಿಹೋಗತ್ತೆ, ನಾನು ಬೆವರ್ತಾನೇ ಇಲ್ಲ ಅಂತ ಅನ್ಸತ್ತೆ, ನೀರು ಕುಡಿಯೋದು ಮರೆಯತ್ತೆ. ಹಿಂದಿನ ರಾತ್ರಿಯಿಂದಾನೇ ನೀರು ಕುಡೀರಿ, ಬಿಸಿಲಲ್ಲಿ ಗಂಟೆಗೆ ಹತ್ತಿರಹತ್ತಿರ ಒಂದು ಲೀಟರ್, ಮಧ್ಯ ಮಧ್ಯ ಓಆರ್‌ಎಸ್. ಕಾರ್ಟಲ್ಲಿರೋ ಐಸ್ ಡಬ್ಬಿಲಿ ಒಂದು ಟವೆಲ್ ಅದ್ದಿ ಕುತ್ತಿಗೆಗೆ ಹಾಕ್ಕೊಳಿ. ಬಿಯರ್ ಮಾರೋ ಗಾಡಿ ಬರ್ತಾನೇ ಇರತ್ತೆ, ಅದನ್ನ ರೌಂಡ್ ಮುಗಿದ ಮೇಲಿಟ್ಕೊಳಿ. ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಬಂದ್ರೆ ಆಟ ನಿಲ್ಲಿಸಿ ನೆರಳಿಗೆ ಬನ್ನಿ. ಜೊತೆಗಾರ ತೊದಲ್ತಿದ್ರೆ, ಎಲ್ಲಿದೀನಿ ಅಂತ ಗೊತ್ತಾಗದ ಹಾಗೆ ಮಾತಾಡಿದ್ರೆ ಅದು ಹೀಟ್ ಸ್ಟ್ರೋಕ್, 911ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರೋವರೆಗೂ ಮೈಮೇಲೆ ತಣ್ಣೀರು ಐಸ್. ಒಂಬತ್ತು ಹೋಲಿಗೇ ನಿಲ್ಲಿಸಿದ್ರೆ ಯಾರೂ ಏನೂ ಅನ್ಕೊಳಲ್ಲ, ಕೆಲವು ಕೋರ್ಸುಗಳು ಉಳಿದ ಒಂಬತ್ತಕ್ಕೆ ಚೀಟಿ ಕೊಡ್ತಾರೆ, ಕೇಳಿ ನೋಡಿ.

ಜೂನ್ ಮಧ್ಯದಿಂದ ಸೆಪ್ಟೆಂಬರ್ ಇಲ್ಲಿನ ಮಾನ್ಸೂನ್. ನಮ್ಮ ಮಳೆಗಾಲದ ಹಾಗಲ್ಲ, ಸಂಜೆ ದಿಢೀರ್ ಅಂತ ಧೂಳಿನ ಗೋಡೆ ಎದ್ದು ಬರತ್ತೆ, ಹಿಂದೇನೇ ಸಿಡಿಲು. ಸೈರನ್ ಕೂಗಿದ್ರೆ ಪಟ್ ಮುಗಿಸ್ತೀನಿ ಅಂತ ನಿಲ್ಲಬೇಡಿ, ಕಾರ್ಟ್ ತಗೊಂಡು ಕ್ಲಬ್‌ಹೌಸಿಗೆ ಬನ್ನಿ, ಮರದ ಕೆಳಗೆ ಅಲ್ಲ.

ರೌಂಡ್ ಮುಗಿದ ಮೇಲೆ ಬಾಡಿಗೆ ಕಾರ್ ಹತ್ತೋ ಮುಂಚೆ ಶೂ ತಳ, ಕಾಲ್ಚೀಲ, ಬ್ಯಾಗಿನ ಕೆಳಭಾಗ ಒಂದ್ಸಲ ನೋಡಿ, ಚೋಯಾ ತುಂಡು ಸೀಟಿಗೆ ಅಂಟಿದ್ರೆ ಮನೆಯವರಿಗೆ ಚುಚ್ಚತ್ತೆ. ಸ್ವಂತ ಕ್ಲಬ್ ತಂದಿರೋರು ಅದನ್ನ ಚೆಕ್-ಇನ್ನಿಗೇ ಹಾಕ್ಬೇಕು, ವಿಮಾನದ ಒಳಗೆ ಬಿಡೋಲ್ಲ, ಕವರಲ್ಲಿ ಡ್ರೈವರ್ ತಲೆಗೆ ಟವೆಲ್ ಸುತ್ತಿ ಪ್ಯಾಕ್ ಮಾಡಿ. ಬೇಸಿಗೇಲಿ ಕ್ಲಬ್ಬನ್ನ ಕಾರ್ ಡಿಕ್ಕಿಲಿ ದಿನಗಟ್ಟಲೆ ಬಿಡಬೇಡಿ, ಆ ಬಿಸಿಗೆ ಗ್ರಿಪ್ಪಿನ ಅಂಟು ಸಡಿಲ ಆಗತ್ತೆ.